620 ರೂಪಾಯಿ ಉಳಿತಾಯದ ಪಾಠ: ಮನೆಯಲ್ಲೇ ಬೈಕಿನ ಚೈನ್ ಸೆಟ್ ಬದಲಾಯಿಸುವುದು



"ನಿಮಗೆ ಕೈಯಾರೆ ಮಾಡಿ ಗೊತ್ತಿರುವ ಒಂದು ಕೆಲಸದ ಬಗ್ಗೆ ಬರೆಯಿರಿ, ಪುಸ್ತಕ ನೋಡಿ ಬರೆಯಬೇಡಿ" ಎಂದು ನಮ್ಮ ಕನ್ನಡ ಉಪನ್ಯಾಸಕರು ಹೇಳಿದಾಗ ನನಗೆ ಹೊಳೆದದ್ದು ಒಂದೇ ಕೆಲಸ. ಅದು ಬೈಕಿನ ಚೈನ್ ಮತ್ತು ಸ್ಪ್ರಾಕೆಟ್ ಬದಲಾಯಿಸುವುದು. ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ವಯಸ್ಸು ಹದಿನೇಳು. ಗೇರ್ ಇರುವ ಬೈಕ್ ಓಡಿಸಲು ಹದಿನೆಂಟು ತುಂಬಬೇಕು. ಆದ್ದರಿಂದ ನಮ್ಮ ಮನೆಯ ಗಾಡಿಯನ್ನು ನಾನು ಓಡಿಸುವುದಿಲ್ಲ, ರಿಪೇರಿ ಮಾತ್ರ ಮಾಡುತ್ತೇನೆ. ಓಡಿಸುವವರು ಅಬ್ಬಾ. ಈ ಲೇಖನದ ಮುಖ್ಯ ವಿಷಯ ಇದೇ. ನಾನು ಬಿಗಿದ ನಟ್ಟಿನ ಮೇಲೆ ಕುಳಿತು ಹೋಗುವವನು ನಾನಲ್ಲ.

ನಮ್ಮ ಅಬ್ಬಾ ಬೈಕಿನ ಹಿಂದೆ ಗಂಟು ಕಟ್ಟಿಕೊಂಡು ಹಳ್ಳಿಗಳಲ್ಲಿ ಬೆಡ್‌ಶೀಟು, ಟವೆಲ್ಲು, ನೈಟಿ ಮಾರುತ್ತಾರೆ. ವಾರದಲ್ಲಿ ಮೂರು ದಿನ ಹನೂರು ಕಡೆ, ಅಂದರೆ ರಾಮಾಪುರ, ಕೌದಳ್ಳಿ, ಲೊಕ್ಕನಹಳ್ಳಿ. ಎರಡು ದಿನ ಯಳಂದೂರು ಕಡೆ, ಅಂದರೆ ಅಗರ, ಮಾಂಬಳ್ಳಿ, ಗುಂಬಳ್ಳಿ. ಕೊಳ್ಳೇಗಾಲದ ನಮ್ಮ ಮನೆಯಿಂದ ಹೊರಟು ಸುತ್ತಿ ಬಂದರೆ ತಿಂಗಳಿಗೆ ಸುಮಾರು 1,500 ಕಿ.ಮೀ. ಆಗುತ್ತದೆ. ಗಾಡಿ 2009ರ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್. ಅದು ನಿಂತರೆ ನಮ್ಮ ಮನೆಯ ವ್ಯಾಪಾರವೂ ನಿಂತಂತೆ.

ನಾನು ಮಾಡಿದ ತಪ್ಪು

ನನ್ನ ಮಾಮು (ಅಮ್ಮಿಯ ತಮ್ಮ) ಹನೂರಿನಲ್ಲಿ ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದಾರೆ. ಎಂಟನೇ ತರಗತಿಯಿಂದ ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋಗಿ ಸ್ಪ್ಯಾನರ್ ಎತ್ತಿಕೊಡುತ್ತಿದ್ದೆ. ನನ್ನ ಕನ್ನಡ ಅರ್ಧ ಕಲಿತದ್ದು ಶಾಲೆಯಲ್ಲಿ, ಅರ್ಧ ಆ ಗ್ಯಾರೇಜಿನಲ್ಲಿ. ಮಾಮು ಸ್ಪ್ರಾಕೆಟ್ಟಿನ 'ದಾಂತ್' ಎನ್ನುತ್ತಿದ್ದರು, ಗಿರಾಕಿಗಳು 'ಹಲ್ಲು' ಎನ್ನುತ್ತಿದ್ದರು, ಎರಡೂ ಒಂದೇ ಎಂದು ನನಗೆ ಅಲ್ಲೇ ಗೊತ್ತಾಯಿತು.

ಕಳೆದ ವರ್ಷ ಅಬ್ಬಾನ ಗಾಡಿಯ ಚೈನ್ 'ಕಟ ಕಟ' ಎಂದು ಸದ್ದು ಮಾಡಲು ಶುರುವಾಯಿತು. "ನಾನೇ ಹಾಕುತ್ತೇನೆ" ಎಂದೆ. ಅಂಗಡಿಯಲ್ಲಿ ಚೈನ್ ಮತ್ತು ಎರಡು ಸ್ಪ್ರಾಕೆಟ್ ಸೇರಿದ ಪೂರ್ತಿ ಸೆಟ್ಟಿಗೆ 1,100 ರೂಪಾಯಿ, ಬರೀ ಚೈನಿಗೆ 480 ರೂಪಾಯಿ. ಹಳೆಯ ಸ್ಪ್ರಾಕೆಟ್ ನೋಡಿದೆ, ಹಲ್ಲು ಮುರಿದಿರಲಿಲ್ಲ. ಬರೀ ಚೈನ್ ತಂದು ಹಾಕಿ 620 ರೂಪಾಯಿ ಉಳಿಸಿದೆ. ಸದ್ದು ನಿಂತಿತು. ಅಬ್ಬಾ ಅಂದು ಊಟಕ್ಕೆ ಕುಳಿತಾಗ ಎಲ್ಲರ ಮುಂದೆ ನನ್ನನ್ನು ಹೊಗಳಿದರು.

ನಾಲ್ಕು ತಿಂಗಳ ನಂತರ, ರಾಮಾಪುರ ದಾಟಿ ಕೌದಳ್ಳಿ ಕಡೆ ಒಂದು ಏರಿನಲ್ಲಿ ಅಬ್ಬಾ ಗೇರ್ ಇಳಿಸಿ ಆಕ್ಸಿಲರೇಟರ್ ಕೊಟ್ಟಾಗ ಚೈನ್ ಹಲ್ಲಿನಿಂದ ಹಾರಿ ಸ್ಪ್ರಾಕೆಟ್ಟಿಗೂ ಹಬ್ಬಿಗೂ ನಡುವೆ ಸಿಕ್ಕಿಕೊಂಡಿತು. ಹಿಂದಿನ ಚಕ್ರ ಲಾಕ್ ಆಯಿತು. ಗಾಡಿ ಎಡಕ್ಕೆ ಬಿತ್ತು. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕರು ಸಮಯಕ್ಕೆ ಬ್ರೇಕ್ ಹಾಕಿದರು, ಅಲ್‌ಹಮ್ದುಲಿಲ್ಲಾಹ್. ಅಬ್ಬಾನ ಮೊಣಕಾಲು, ಅಂಗೈ ತರಚಿತು. ಸಂಜೆ ಗೂಡ್ಸ್ ಆಟೋದಲ್ಲಿ ಗಾಡಿಯೂ ಅವರೂ ಮನೆಗೆ ಬಂದರು. ಅಮ್ಮಿ ಕೇಳಿದ್ದಕ್ಕೆ "ರಸ್ತೆಯಲ್ಲಿ ಮರಳು ಇತ್ತು" ಎಂದರು. ನನ್ನ ಹೆಸರು ಹೇಳಲಿಲ್ಲ. ಅವರು ಬೈದಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲ.

ಮರುದಿನ ಮಾಮು ಬಂದು ಕವರ್ ಬಿಚ್ಚಿದರು. ಮುಂದಿನ ಸ್ಪ್ರಾಕೆಟ್ ತೆಗೆದು ನನ್ನ ಕೈಗೆ ಕೊಟ್ಟು "ಕಿತ್ತಾ ಬಚಾಯಾ ರೇ?" ಎಂದು ಕೇಳಿದರು. ಎಷ್ಟು ಉಳಿಸಿದೆ ಎಂದು. ನಾನು "620" ಎಂದೆ. ಅವರು ಮತ್ತೇನೂ ಹೇಳಲಿಲ್ಲ.

ಚೈನ್ ಯಾಕೆ ಉದ್ದವಾಗುತ್ತದೆ?

ಈಗ ಹೆಚ್ಚಿನ ಬೈಕುಗಳಲ್ಲಿ ಇರುವ ಮಾದರಿಯ ಬುಷ್ ರೋಲರ್ ಚೈನನ್ನು 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ ಎಂಬವರು ಕಂಡುಹಿಡಿದರು. ಅದರಲ್ಲಿ ಒಂದರೊಳಗೆ ಒಂದು ಮೂರು ಭಾಗ ಇವೆ. ನಡುವೆ ಪಿನ್ನು, ಪಿನ್ನಿನ ಮೇಲೆ ಬುಷ್, ಬುಷ್ಷಿನ ಮೇಲೆ ಉರುಳುವ ರೋಲರ್. ಪಕ್ಕದಲ್ಲಿ ಎಂಟರ ಆಕಾರದ ಪ್ಲೇಟುಗಳು.

"ಚೈನ್ ಎಳೆದು ಉದ್ದವಾಗಿದೆ" ಎಂದು ನಾವು ಹೇಳುತ್ತೇವೆ. ನಿಜವಾಗಿ ಪ್ಲೇಟು ರಬ್ಬರಿನಂತೆ ಎಳೆಯುವುದಿಲ್ಲ. ಪಿನ್ನೂ ಬುಷ್ಷೂ ಉಜ್ಜಿ ಉಜ್ಜಿ ಸವೆಯುತ್ತವೆ. ಒಂದು ಕೀಲಿನಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ ಸವೆದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅಂಥ 100 ಕೀಲು ಸೇರಿದರೆ ಚೈನ್ 10 ಮಿ.ಮೀ. ಉದ್ದವಾಗುತ್ತದೆ. ನಮ್ಮ ಕಡೆಯ ಮಣ್ಣು ರಸ್ತೆಗಳ ಧೂಳು ಎಣ್ಣೆಯೊಂದಿಗೆ ಸೇರಿದರೆ ಉಪ್ಪುಕಾಗದದಂತೆ ಉಜ್ಜುತ್ತದೆ.

ಈಗ ಸ್ಪ್ರಾಕೆಟ್ ಕಡೆ ಬರೋಣ. ಸ್ಪ್ಲೆಂಡರ್ ವರ್ಗದ ಗಾಡಿಗೆ ಬರುವುದು 428 ನಂಬರಿನ ಚೈನ್. ಮೊದಲ ಅಂಕಿ 4 ಎಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಎಂಟನೇ ನಾಲ್ಕು ಇಂಚು, ಅಂದರೆ ಅರ್ಧ ಇಂಚು, 12.7 ಮಿ.ಮೀ. ಹೊಸ ಸ್ಪ್ರಾಕೆಟ್ಟಿನ ಹಲ್ಲುಗಳೂ ಇದೇ ಅಂತರಕ್ಕೆ ಇರುತ್ತವೆ. ಸವೆದ ಚೈನಿನ ಅಂತರ ಹೆಚ್ಚಾದಾಗ ರೋಲರುಗಳು ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಏರಿ ಹಲ್ಲನ್ನು ಒಂದೇ ಬದಿಯಲ್ಲಿ ತಿನ್ನುತ್ತವೆ. ಹಲ್ಲು ಕೊಕ್ಕೆಯಂತೆ ಬಾಗುತ್ತದೆ. ಅಂಥ ಹಳೆಯ ಹಲ್ಲಿಗೆ ಹೊಸ ಚೈನ್ ಹಾಕಿದರೆ ಎರಡರ ಅಂತರವೂ ಹೊಂದುವುದಿಲ್ಲ. ಹತ್ತಾರು ಹಲ್ಲು ಹಂಚಿಕೊಂಡು ಹೊರಬೇಕಾದ ಭಾರವನ್ನು ಒಂದೆರಡು ಹಲ್ಲೇ ಹೊರುತ್ತವೆ. ಹೊಸ ಚೈನ್ ಬೇಗ ಹಾಳಾಗುತ್ತದೆ. ನನ್ನ 480 ರೂಪಾಯಿಯ ಚೈನಿಗೆ ಆದದ್ದು ಇದೇ. ಚೈನಿನದು ತಪ್ಪಿರಲಿಲ್ಲ.

ನಾನು ಹಲ್ಲು ಮುರಿದಿದೆಯೇ ಎಂದು ನೋಡಿದ್ದೆ, ಬಾಗಿದೆಯೇ ಎಂದು ನೋಡಿರಲಿಲ್ಲ. ಅದೂ ಹಿಂದಿನದನ್ನು ಮಾತ್ರ. ನಮ್ಮ ಗಾಡಿಯಲ್ಲಿ ಮುಂದೆ 14 ಹಲ್ಲು, ಹಿಂದೆ 42. ಹಿಂದಿನದು ಒಂದು ಸುತ್ತು ಬರುವಷ್ಟರಲ್ಲಿ ಮುಂದಿನದು ಮೂರು ಸುತ್ತು ತಿರುಗುತ್ತದೆ. ಆದ್ದರಿಂದ ಬೇಗ ಸವೆಯುವುದು ಮುಂದಿನದು. ಕವರಿನ ಒಳಗೆ ಕಾಣದಂತೆ ಕೂತಿರುವುದೂ ಅದೇ.

ಬದಲಾಯಿಸಬೇಕೇ? ಸ್ಕೇಲು ಹೇಳುತ್ತದೆ

ನಮ್ಮ ಜಾಮಿಟ್ರಿ ಬಾಕ್ಸಿನ ಜೊತೆ ಬರುವ 30 ಸೆಂ.ಮೀ. ಸ್ಕೇಲು ಸಾಕು. ಚೈನಿನ ಕೆಳಭಾಗವನ್ನು ಬಿಗಿಯಾಗಿ ಹಿಡಿಸಿ, ಒಂದು ಪಿನ್ನಿನ ಮಧ್ಯದಿಂದ 21ನೇ ಪಿನ್ನಿನ ಮಧ್ಯದವರೆಗೆ ಅಳೆಯಿರಿ. ನಡುವೆ 20 ಅಂತರ ಬರುತ್ತವೆ. ಹೊಸ ಚೈನಿನಲ್ಲಿ 20 × 12.7 = 254 ಮಿ.ಮೀ. ಇರುತ್ತದೆ. ಇದಕ್ಕಿಂತ ಶೇಕಡಾ 2ರಷ್ಟು ಹೆಚ್ಚು, ಅಂದರೆ ಸುಮಾರು 259 ಮಿ.ಮೀ. ಬಂದರೆ ಸೆಟ್ ಬದಲಾಯಿಸುವ ಸಮಯ ಬಂದಿದೆ ಎಂದು ತಿಳಿಯಿರಿ. ಚೈನಿನ ಮೂರು ನಾಲ್ಕು ಕಡೆ ಅಳೆಯಿರಿ, ಎಲ್ಲ ಕಡೆ ಒಂದೇ ರೀತಿ ಸವೆದಿರುವುದಿಲ್ಲ.

ಇನ್ನೊಂದು ಪರೀಕ್ಷೆ. ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಭಾಗದಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧ ಭಾಗ ಕಾಣುವಷ್ಟು ಎದ್ದು ಬಂದರೆ ಚೈನ್ ಮುಗಿದಿದೆ.

ಬೇಕಾಗುವ ಸಾಮಾನು

ಚೈನ್ ಸೆಟ್, ರಿಂಗ್ ಸ್ಪ್ಯಾನರ್ ಸೆಟ್ (ಮಾಮು 'ಪಾನಾ' ಎನ್ನುತ್ತಾರೆ), 10 ನಂಬರಿನ ಟಿ ಸ್ಪ್ಯಾನರ್, ನೋಸ್ ಪ್ಲೇಯರ್, ಸ್ಕ್ರೂ ಡ್ರೈವರ್, ಸುತ್ತಿಗೆ, ಮರದ ತುಂಡು, ಹಳೆಯ ಬ್ರಷ್, ಸ್ವಲ್ಪ ಡೀಸೆಲ್, ಹಳೆಯ ಬನಿಯನ್, ಗ್ರೀಸ್, 90 ನಂಬರಿನ ಗೇರ್ ಆಯಿಲ್, ಹೊಸ ಸ್ಪ್ಲಿಟ್ ಪಿನ್ ಒಂದು. ಇದರ ಜೊತೆ ಖಾಲಿ ಮೊಟ್ಟೆ ಟ್ರೇ. ಬಿಚ್ಚಿದ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಹಾಕುತ್ತಾ ಹೋದರೆ ಕೊನೆಯಲ್ಲಿ "ಇದು ಎಲ್ಲಿಯದು?" ಎಂಬ ಪ್ರಶ್ನೆ ಬರುವುದಿಲ್ಲ.

ಸೆಟ್ ಕೊಳ್ಳುವಾಗ ಹಳೆಯ ಎರಡೂ ಸ್ಪ್ರಾಕೆಟ್ಟಿನ ಹಲ್ಲು ಎಣಿಸಿ ಬರೆದುಕೊಂಡು ಹೋಗಿ. ಗಾಡಿಯ ಹೆಸರು ಮತ್ತು ವರ್ಷ ಹೇಳಿ. ಒಳ್ಳೆಯ ಕಂಪನಿಯ ಸೆಟ್ಟನ್ನೇ ಬಿಲ್ ಸಮೇತ ತೆಗೆದುಕೊಳ್ಳಿ. ಇಲ್ಲಿ ಒಂದು ಸ್ವಾರಸ್ಯ ಹೇಳುತ್ತೇನೆ. ನಮ್ಮ ಅಂಗಡಿಗಳಲ್ಲಿ ಸಿಗುವ ರೋಲಾನ್ ಚೈನ್ ಕೊಯಮತ್ತೂರಿನ ಎಲ್.ಜಿ.ಬಿ. ಕಂಪನಿಯದು. 1956ರ ನವೆಂಬರ್ 1ರಂದು ರಾಜ್ಯಗಳ ವಿಂಗಡಣೆ ಆಗುವವರೆಗೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಕೂಡ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ನಮ್ಮ ದಾದಿ ಈಗಲೂ ಜಿಲ್ಲೆ ಎಂದರೆ ಕೊಯಮತ್ತೂರು ಎನ್ನುತ್ತಾರೆ.

ಕೆಲಸದ ಕ್ರಮ

ಇದು ನಮ್ಮ ಗಾಡಿಯ ಕ್ರಮ. ಬೇರೆ ಗಾಡಿಯಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು. ನಿಮ್ಮ ಗಾಡಿಯ ಜೊತೆ ಬಂದ ಪುಸ್ತಕವನ್ನು ಮೊದಲು ನೋಡಿ.

1. ಸಮತಟ್ಟಾದ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಎಂಜಿನ್ ತಣ್ಣಗಿರಲಿ. ಕೀ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಕೆಲಸ ಮುಗಿಯುವವರೆಗೂ ಅದು ಜೇಬಿನಲ್ಲೇ ಇರಬೇಕು.

2. ಎಡಬದಿಯ ಮುಂದಿನ ಸ್ಪ್ರಾಕೆಟ್ ಕವರ್ ತೆಗೆಯಿರಿ. ಗೇರ್ ಲಿವರ್ ಅಡ್ಡ ಬಂದರೆ, ಅದು ಕೂತಿರುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ಬಿಚ್ಚಿ. ನಂತರ ಚೈನ್ ಕವರಿನ ಮೇಲಿನ ಮತ್ತು ಕೆಳಗಿನ ಭಾಗ ಬಿಚ್ಚಿ.

3. ಚೈನ್ ತೆಗೆಯುವ ಮೊದಲೇ ಬಿಗಿ ನಟ್ಟುಗಳನ್ನು ಸಡಿಲಿಸಿ. ಇದು ಹೊಸಬರು ಮರೆಯುವ ಹಂತ. ಗಾಡಿಯನ್ನು ಮೊದಲ ಗೇರಿಗೆ ಹಾಕಿ, ಒಬ್ಬರು ಹಿಂದಿನ ಬ್ರೇಕ್ ತುಳಿದು ಹಿಡಿಯಲಿ. ಆಗ ಮುಂದಿನ ಸ್ಪ್ರಾಕೆಟ್ಟಿನ ಪ್ಲೇಟಿನ ಎರಡು ಬೋಲ್ಟು ಮತ್ತು ಹಿಂದಿನ ಸ್ಪ್ರಾಕೆಟ್ಟಿನ ನಾಲ್ಕು ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ. ಚೈನ್ ತೆಗೆದ ಮೇಲೆ ಪ್ರಯತ್ನಿಸಿದರೆ ಸ್ಪ್ರಾಕೆಟ್ ಸುಮ್ಮನೆ ತಿರುಗುತ್ತದೆ, ನಟ್ಟು ಬಿಚ್ಚುವುದಿಲ್ಲ.

4. ನ್ಯೂಟ್ರಲಿಗೆ ತಂದು ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಚೈನ್ ಲಾಕ್ ಹುಡುಕಿ. ನೋಸ್ ಪ್ಲೇಯರಿನಿಂದ ಕ್ಲಿಪ್ ತೆಗೆದು ಚೈನ್ ಹೊರಗೆ ಎಳೆಯಿರಿ. ಹಳೆಯ ಚೈನನ್ನು ಎಸೆಯಬೇಡಿ, ಹೊಸದರ ಪಕ್ಕ ಇಟ್ಟು ಕೊಂಡಿ ಎಣಿಸಬೇಕು.

5. ಹಿಂದಿನ ಚಕ್ರ ಬಿಚ್ಚಿ. ಬ್ರೇಕ್ ರಾಡಿನ ನಟ್ಟು, ಬ್ರೇಕ್ ಪ್ಲೇಟನ್ನು ಹಿಡಿದಿರುವ ಪಟ್ಟಿಯ ಸ್ಪ್ಲಿಟ್ ಪಿನ್ ಮತ್ತು ನಟ್ಟು, ಆಮೇಲೆ ಆಕ್ಸಲ್ ನಟ್ಟು. ಆಕ್ಸಲ್ ಎಳೆದು ಚಕ್ರ ಹೊರತೆಗೆಯಿರಿ. ಸ್ಪೇಸರ್ ಯಾವ ಬದಿಯದು ಎಂದು ನೋಡಿಕೊಳ್ಳಿ. ಚಕ್ರದ ಹಬ್ಬಿನೊಳಗಿನ ರಬ್ಬರುಗಳು ಕುಗ್ಗಿ ಸಡಿಲವಾಗಿದ್ದರೆ ಇದೇ ಸಮಯದಲ್ಲಿ ಬದಲಾಯಿಸಿ. ಅವು ಸವೆದರೂ ಚೈನಿಗೆ ಜಗ್ಗುವ ಏಟು ಬೀಳುತ್ತದೆ.

6. ಮುಂದಿನ ಸ್ಪ್ರಾಕೆಟ್ ತೆಗೆದು, ಸುತ್ತಲಿನ ಹಳೆಯ ಗ್ರೀಸ್ ಮಣ್ಣನ್ನು ಬ್ರಷ್ಷಿನಿಂದ ಕೆರೆದು ಒರೆಸಿ. ಶಾಫ್ಟಿನ ಗೆರೆಗಳು ಸವೆದಿವೆಯೇ, ಆಯಿಲ್ ಸೀಲಿನಿಂದ ಎಣ್ಣೆ ಜಿನುಗುತ್ತಿದೆಯೇ ನೋಡಿ. ಇದ್ದರೆ ಅದು ಮೆಕ್ಯಾನಿಕ್ ಕೆಲಸ. ಇಲ್ಲದಿದ್ದರೆ ಹೊಸ ಸ್ಪ್ರಾಕೆಟ್ ಕೂರಿಸಿ, ಲಾಕ್ ಪ್ಲೇಟನ್ನು ಗೆರೆಗೆ ಸರಿಯಾಗಿ ತಿರುಗಿಸಿ ಎರಡೂ ಬೋಲ್ಟು ಹಾಕಿ.

7. ಹಿಂದಿನ ಹೊಸ ಸ್ಪ್ರಾಕೆಟ್ ಕೂರಿಸಿ. ನಾಲ್ಕು ನಟ್ಟುಗಳನ್ನು ಸುತ್ತಲೂ ಸಾಲಾಗಿ ಬಿಗಿಯಬೇಡಿ. ಒಂದು ಬಿಗಿದ ಮೇಲೆ ಅದರ ಎದುರಿನದನ್ನು, ಹೀಗೆ ಅಡ್ಡಡ್ಡ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಮಡಚುವ ವಾಷರ್ ಇದ್ದರೆ ಮಡಚಿ.

8. ಆಕ್ಸಲ್ಲಿಗೆ ತೆಳುವಾಗಿ ಗ್ರೀಸ್ ಹಚ್ಚಿ ಚಕ್ರ ಸೇರಿಸಿ. ನಟ್ಟು ಕೈಬಿಗಿ ಮಾತ್ರ ಇರಲಿ. ಎರಡೂ ಬದಿಯ ಚೈನ್ ಅಡ್ಜಸ್ಟರ್ ಸಡಿಲಿಸಿ ಚಕ್ರವನ್ನು ಪೂರ್ತಿ ಮುಂದಕ್ಕೆ ತಳ್ಳಿ.

9. ಹಳೆಯ ಮತ್ತು ಹೊಸ ಚೈನಿನ ಕೊಂಡಿ ಎಣಿಸಿ, ಸಂಖ್ಯೆ ಒಂದೇ ಇರಬೇಕು. ಉದ್ದ ಅಳೆದು ಹೋಲಿಸಬೇಡಿ, ಹಳೆಯದು ಸವೆದು ಉದ್ದವಾಗಿರುತ್ತದೆ. ಹೊಸ ಚೈನನ್ನು ಮುಂದಿನ ಸ್ಪ್ರಾಕೆಟ್ಟಿನ ಸುತ್ತ ತಂದು, ಎರಡೂ ತುದಿಗಳನ್ನು ಹಿಂದಿನ ಸ್ಪ್ರಾಕೆಟ್ಟಿನ ಅಕ್ಕಪಕ್ಕದ ಹಲ್ಲಿನ ಮೇಲೆ ಕೂರಿಸಿ. ಹಲ್ಲೇ ಚೈನನ್ನು ಹಿಡಿದಿರುತ್ತದೆ. ಈಗ ಲಾಕಿನ ಎರಡು ಪಿನ್ನನ್ನು ಒಳಬದಿಯಿಂದ ತೂರಿಸಿ, ಹೊರಗಿನ ಪ್ಲೇಟು ಹಾಕಿ, ಕ್ಲಿಪ್ ಹಾಕಿ.

10. ಕ್ಲಿಪ್ಪಿನ ದಿಕ್ಕು. ಕ್ಲಿಪ್ ಮೀನಿನಂತೆ ಇರುತ್ತದೆ. ಮುಚ್ಚಿದ ತುದಿ ಮೀನಿನ ತಲೆ, ಸೀಳಿದ ತುದಿ ಬಾಲ. ಗಾಡಿ ಮುಂದಕ್ಕೆ ಹೋಗುವಾಗ ಚೈನ್ ಯಾವ ದಿಕ್ಕಿಗೆ ಓಡುತ್ತದೋ ಆ ದಿಕ್ಕಿಗೆ ತಲೆ ಇರಬೇಕು. ತಿರುಗಾಮುರುಗಾ ಹಾಕಿದರೆ ಏನಾದರೂ ತಾಗಿದಾಗ ಸೀಳಿದ ಬಾಯಿ ತೆರೆದು ಕ್ಲಿಪ್ ಹಾರಿಹೋಗುತ್ತದೆ. ಕ್ಲಿಪ್ ಎರಡೂ ಪಿನ್ನಿನ ಗಾಡಿಯಲ್ಲಿ, ಅಂದರೆ ಕೊರೆದ ಗೆರೆಯಲ್ಲಿ, ಪೂರ್ತಿ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ.

11. ಸಡಿಲು ಹೊಂದಿಸಿ. ಎರಡು ಸ್ಪ್ರಾಕೆಟ್ಟಿನ ನಡುವೆ, ಚೈನಿನ ಕೆಳಭಾಗದ ಮಧ್ಯದಲ್ಲಿ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ. ಈ ವರ್ಗದ ಗಾಡಿಗಳಿಗೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಟ ಇರಬೇಕು. ಚಕ್ರ ತಿರುಗಿಸಿ ನಾಲ್ಕು ಕಡೆ ನೋಡಿ, ಅತಿ ಬಿಗಿಯಾದ ಜಾಗದಲ್ಲಿ ಈ ಅಳತೆ ಬರಲಿ. ಚೈನನ್ನು ವೀಣೆಯ ತಂತಿಯಂತೆ ಬಿಗಿಯಬೇಡಿ. ಹಿಂದೆ ಭಾರ ಕೂತಾಗ ಅದು ಇನ್ನೂ ಬಿಗಿಯಾಗಿ ಬೇರಿಂಗನ್ನು ತಿನ್ನುತ್ತದೆ. ಎಡ ಮತ್ತು ಬಲದ ಅಡ್ಜಸ್ಟರ್ ಗುರುತು ಒಂದೇ ಗೆರೆಯಲ್ಲಿ ಇರಬೇಕು, ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ.

12. ಆಕ್ಸಲ್ ನಟ್ಟು ಪೂರ್ತಿ ಬಿಗಿಯಿರಿ. ಸ್ಲೀವ್ ನಟ್ಟು ಸಡಿಲಿಸಿದ್ದರೆ ಅದನ್ನೂ ಬಿಗಿಯಿರಿ. ನಂತರ ಮತ್ತೊಮ್ಮೆ ಚೈನಿನ ಸಡಿಲು ನೋಡಿ, ಬಿಗಿಯುವಾಗ ಬದಲಾಗಿರುತ್ತದೆ. ಬ್ರೇಕ್ ಪಟ್ಟಿಯ ನಟ್ಟು ಬಿಗಿದು ಹೊಸ ಸ್ಪ್ಲಿಟ್ ಪಿನ್ ಹಾಕಿ. ಬ್ರೇಕ್ ರಾಡ್ ಹೊಂದಿಸಿ, ಬ್ರೇಕ್ ಲೈಟ್ ಹತ್ತುತ್ತದೆಯೇ ನೋಡಿ. ಕವರುಗಳನ್ನು ಹಾಕಿ.

ಎಂಜಿನ್ ಆನ್ ಇದ್ದಾಗ ಚೈನ್ ಮುಟ್ಟಬೇಡಿ

ನಮ್ಮ ಮಾಮುವಿನ ಎಡಗೈ ತೋರುಬೆರಳಿಗೆ ಉಗುರಿಲ್ಲ. ಉಗುರು ಇರಬೇಕಾದ ತುದಿಯೇ ಇಲ್ಲ. ಹುಡುಗನಾಗಿದ್ದಾಗ ಎಂಜಿನ್ ಆನ್ ಮಾಡಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುತ್ತಿದ್ದರಂತೆ. ಬೇಗ ಆಗುತ್ತದೆ ಎಂದು. ಬಟ್ಟೆ ಸಿಕ್ಕಿಕೊಂಡಿತು, ಬಟ್ಟೆಯ ಜೊತೆ ಬೆರಳೂ ಹೋಯಿತು. "ಚಕ್ರವ ಕೈಲೇ ತಿರುಗ್ಸು ಕಣಪ್ಪ, ಎಂಜಿನ್‌ಗೆ ಕಣ್ಣಿಲ್ಲ" ಎಂದು ಅವರು ಗ್ಯಾರೇಜಿಗೆ ಬರುವ ಪ್ರತಿ ಹುಡುಗನಿಗೂ ಹೇಳುತ್ತಾರೆ. ಚೈನ್ ತೊಳೆಯುವುದು, ಎಣ್ಣೆ ಬಿಡುವುದು, ಎಲ್ಲವೂ ಎಂಜಿನ್ ನಿಂತಿರುವಾಗ, ಕೈಯಿಂದ ಚಕ್ರ ತಿರುಗಿಸುತ್ತಾ ಮಾತ್ರ.

ಲೆಕ್ಕ ಬರೆದವನೇ ಆಡಿಟ್ ಮಾಡಬಾರದು

ಲೆಕ್ಕ ಬರೆದವನೇ ಅದನ್ನು ಪರಿಶೋಧನೆ ಮಾಡಿದರೆ ತಪ್ಪು ಸಿಗುವುದಿಲ್ಲ, ಇನ್ನೊಬ್ಬರು ನೋಡಬೇಕು. ಇದು ನಮ್ಮ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಎರಡನೇ ಸಲ ನಾನು ಪೂರ್ತಿ ಸೆಟ್ ಹಾಕಿದಾಗ ಇದನ್ನೇ ಅನುಸರಿಸಿದೆ. ಒಂದು ಹಾಳೆಯಲ್ಲಿ ಎಂಟು ಸಾಲು ಬರೆದು ನಮ್ಮ ಆಪಾಳ ಕೈಗೆ ಕೊಟ್ಟೆ. ಅವಳು ಬಿ.ಎ. ಓದುತ್ತಾಳೆ, ಸ್ಪ್ಯಾನರ್ ಮುಟ್ಟಿದವಳಲ್ಲ. ಅವಳು ಓದಬೇಕು, ನಾನು ಬೆರಳಿಟ್ಟು ತೋರಿಸಬೇಕು:

ಮುಂದಿನ ಎರಡು ಬೋಲ್ಟು. ಹಿಂದಿನ ನಾಲ್ಕು ನಟ್ಟು. ಕ್ಲಿಪ್ಪಿನ ತಲೆ. ಎರಡೂ ಬದಿಯ ಗುರುತು. ಚೈನಿನ ಸಡಿಲು. ಆಕ್ಸಲ್ ನಟ್ಟು. ಸ್ಪ್ಲಿಟ್ ಪಿನ್. ಬ್ರೇಕ್.

ಆರು ಸಾಲು ಸರಿಯಾಗಿ ದಾಟಿದವು. ಏಳನೆಯದಕ್ಕೆ ಅವಳು "ಸ್ಪ್ಲಿಟ್ ಪಿನ್ ಎಲ್ಲಿ?" ಎಂದಳು. ನಾನು "ಹಾಕಿದ್ದೇನೆ" ಎಂದೆ. "ತೋರಿಸು" ಎಂದಳು. ಬಗ್ಗಿ ನೋಡಿದರೆ ರಂಧ್ರ ಖಾಲಿ. ಪಿನ್ ಮೊಟ್ಟೆ ಟ್ರೇಯಲ್ಲೇ ಕೂತಿತ್ತು. ಆ ನಟ್ಟು ದಾರಿಯಲ್ಲಿ ಬಿಚ್ಚಿ ಬಿದ್ದು, ಪಟ್ಟಿ ಕಳಚಿಕೊಂಡರೆ ಬ್ರೇಕ್ ಹಾಕಿದಾಗ ಬ್ರೇಕ್ ಪ್ಲೇಟೇ ತಿರುಗಿ ಚಕ್ರ ಮತ್ತೆ ಲಾಕ್ ಆಗಬಹುದಿತ್ತು. ನಾನು ಸುಳ್ಳು ಹೇಳಿರಲಿಲ್ಲ, ಹಾಕಿದ್ದೇನೆ ಎಂದೇ ನಂಬಿದ್ದೆ. ಅದಕ್ಕೇ ಎರಡನೆಯ ಕಣ್ಣು ಬೇಕು.

ಆಮೇಲೆ ಅಬ್ಬಾ ನಮ್ಮ ಬೀದಿಯಲ್ಲಿ ನಿಧಾನವಾಗಿ ಎರಡು ಸುತ್ತು ಹೋಗಿ ಬಂದರು. ಗಂಟು ಇಲ್ಲದೆ ಒಂದು ದಿನ ಯಳಂದೂರಿಗೆ ಹೋಗಿ ಬಂದರು. ನಂತರವೇ ಹನೂರು ರಸ್ತೆ. ಹೊಸ ಚೈನ್ ಮೊದಲ ಕೆಲವು ದಿನ ಸ್ವಲ್ಪ ಸಡಿಲಾಗುತ್ತದೆ. 100 ಕಿ.ಮೀ. ಆದಾಗ ಒಮ್ಮೆ, 500 ಕಿ.ಮೀ. ಆದಾಗ ಇನ್ನೊಮ್ಮೆ ಸಡಿಲು ನೋಡಿ ಹೊಂದಿಸಿದೆ.

ವಾಣಿಜ್ಯ ವಿದ್ಯಾರ್ಥಿಯ ಲೆಕ್ಕ

ಈಗ 620 ರೂಪಾಯಿಯ ಕಥೆಗೆ ಬರುತ್ತೇನೆ. ಮಾಮು ಹೋದ ರಾತ್ರಿ ನೋಟ್ ಪುಸ್ತಕದಲ್ಲಿ ಬರೆದದ್ದು ಇದು:

ಬರೀ ಚೈನ್: 480 ರೂ.
ಮತ್ತೆ ಕೊಳ್ಳಬೇಕಾದ ಪೂರ್ತಿ ಸೆಟ್: 1,100 ರೂ.
ಗೂಡ್ಸ್ ಆಟೋ: 700 ರೂ.
ಆಸ್ಪತ್ರೆ, ಔಷಧಿ: 350 ರೂ.
ಮೂರು ದಿನ ವ್ಯಾಪಾರವಿಲ್ಲ, ದಿನಕ್ಕೆ 600ರಂತೆ: 1,800 ರೂ.
ಒಟ್ಟು: 4,430 ರೂ.

ಮೊದಲೇ ಸೆಟ್ ಹಾಕಿದ್ದರೆ ಖರ್ಚು 1,100 ರೂ. 620 ಉಳಿಸಲು ಹೋಗಿ 3,330 ಹೆಚ್ಚು ಖರ್ಚಾಯಿತು.

ಅಪಘಾತ ಆಗದಿದ್ದರೂ ನನ್ನ ಲೆಕ್ಕ ತಪ್ಪೇ ಆಗಿತ್ತು. ಸವಕಳಿಯನ್ನು ನಾವು ಸಾಮಾನ್ಯವಾಗಿ ವರ್ಷದ ಲೆಕ್ಕದಲ್ಲಿ ಹಾಕುತ್ತೇವೆ. ಚೈನಿಗೆ ವರ್ಷ ಗೊತ್ತಿಲ್ಲ, ಕಿಲೋಮೀಟರ್ ಮಾತ್ರ ಗೊತ್ತು. ಅಬ್ಬಾ ಪೆಟ್ರೋಲ್ ಹಾಕಿಸಿದಾಗಲೆಲ್ಲ ಮೀಟರ್ ಬರೆದಿಡುವ ಪುಸ್ತಕದ ಪ್ರಕಾರ ಹಿಂದಿನ ಸೆಟ್ ಸುಮಾರು 20,000 ಕಿ.ಮೀ. ಬಂದಿತ್ತು. 1,100 ರೂಪಾಯಿಯನ್ನು 20,000ದಿಂದ ಭಾಗಿಸಿದರೆ ಕಿಲೋಮೀಟರಿಗೆ 5.5 ಪೈಸೆ. ನನ್ನ ಬರೀ ಚೈನ್ ಬಂದದ್ದು ನಾಲ್ಕು ತಿಂಗಳು, 6,000 ಕಿ.ಮೀ. 480 ರೂಪಾಯಿಯನ್ನು ಭಾಗಿಸಿದರೆ ಕಿಲೋಮೀಟರಿಗೆ 8 ಪೈಸೆ. ಅಗ್ಗ ಎಂದು ತಂದದ್ದೇ ದುಬಾರಿ.

ಈಗ ನಮ್ಮ ಮನೆಯಲ್ಲಿ ಚೈನಿಗೆ ಒಂದು ಡಬ್ಬ ಇದೆ. ತಿಂಗಳಿಗೆ 1,500 ಕಿ.ಮೀ., ಕಿಲೋಮೀಟರಿಗೆ 5.5 ಪೈಸೆ, ಅಂದರೆ 82 ರೂಪಾಯಿ 50 ಪೈಸೆ. ಅಬ್ಬಾ ಪ್ರತಿ ತಿಂಗಳು 85 ರೂಪಾಯಿ ಹಾಕುತ್ತಾರೆ. ಸೆಟ್ ಸವೆಯುವ ಹೊತ್ತಿಗೆ ದುಡ್ಡು ಕೂಡಿರುತ್ತದೆ. ಆಗ "ಈ ಸಲ ಚೈನ್ ಮಾತ್ರ ಸಾಕು" ಎಂಬ ಆಸೆ ಬರುವುದಿಲ್ಲ. ಅಗ್ಗದ ದಾರಿ ಹಿಡಿಯುವುದು ಬಹಳ ಸಲ ಬುದ್ಧಿ ಇಲ್ಲದೆ ಅಲ್ಲ, ಆ ದಿನ ಕೈಯಲ್ಲಿ ದುಡ್ಡಿಲ್ಲದೆ.

ವಾರಕ್ಕೊಮ್ಮೆ ಚೈನ್ ಒರೆಸಿ 90 ನಂಬರಿನ ಎಣ್ಣೆ ಬಿಡುವುದು ನನ್ನ ಕೆಲಸ. ದಪ್ಪ ಗ್ರೀಸ್ ಮೆತ್ತುವುದಿಲ್ಲ, ಅದು ಧೂಳನ್ನು ಹಿಡಿಯುತ್ತದೆ, ಪಿನ್ನಿನ ಒಳಗೆ ಇಳಿಯುವುದಿಲ್ಲ.

ಕೊನೆಯ ಮಾತು

ಗೆಳೆಯರೇ, ನಮ್ಮಲ್ಲಿ ಅನೇಕರ ಮನೆಯಲ್ಲಿ ಬೈಕೇ ಅಂಗಡಿ. ಕೆಲವರು ಅದರ ಮೇಲೆ ರೇಷ್ಮೆ ಗೂಡು ಸಾಗಿಸುತ್ತಾರೆ, ಕೆಲವರು ತರಕಾರಿ, ಕೆಲವರು ಗುಜರಿ. ಹದಿನೆಂಟು ತುಂಬುವ ಮೊದಲು ಅದನ್ನು ಓಡಿಸಬೇಡಿ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಆದರೆ ಗಾಡಿಯನ್ನು ನೋಡಿಕೊಳ್ಳಲು ಯಾವ ವಯಸ್ಸೂ ಅಡ್ಡಿಯಲ್ಲ. ಮೊದಲ ಸಲ ಗೊತ್ತಿರುವ ಮೆಕ್ಯಾನಿಕ್ ಪಕ್ಕದಲ್ಲೇ ಮಾಡಿ. ಅವರಿಗೆ ಕೂಲಿ ಕೊಡಿ, ಕಲಿತದ್ದಕ್ಕೂ ಬೆಲೆ ಇದೆ.

ಆ ಹಳೆಯ ಮುಂದಿನ ಸ್ಪ್ರಾಕೆಟ್ಟನ್ನು ನಾನು ಗುಜರಿಗೆ ಹಾಕಿಲ್ಲ. ನನ್ನ ಓದುವ ಮೇಜಿನ ಮೇಲೆ ಲೆಕ್ಕದ ಹಾಳೆಗಳು ಹಾರದಂತೆ ಇಟ್ಟಿದ್ದೇನೆ. ಹದಿನಾಲ್ಕು ಹಲ್ಲೂ ಒಂದೇ ಕಡೆಗೆ ಬಾಗಿವೆ. ಮುರಿದದ್ದು ಒಂದೂ ಇಲ್ಲ. ಯಾರಿಗಾದರೂ ಸವೆದ ಹಲ್ಲು ಹೇಗಿರುತ್ತದೆ ಎಂದು ನೋಡಬೇಕಾದರೆ ಕೇಳಿ, ಕಾಲೇಜಿಗೆ ತರುತ್ತೇನೆ.